ಸೊಪ್ಪಿನ ಬೆಟ್ಟದ ಚಿಪ್ಪಿನ ಅಮೀಬಾಗಳು: ಈ ಮಳೆಗಾಲದ ಕೆಲಸ

ಶಿರಸಿ ಸೀಮೆಯಲ್ಲಿ ಮಳೆ ಹಿಂದೆ ಸರಿಯುತ್ತಿದೆ. ನಮ್ಮ ಅಡಿಕೆ ತೋಟದಿಂದಲೂ ಅದರ ಮೇಲಿನ ಸೊಪ್ಪಿನ ಬೆಟ್ಟದಿಂದಲೂ (ತೋಟಕ್ಕೆ ಸೊಪ್ಪು, ದರಕು ಒದಗಿಸುವ ಕಾಡು) ತಂದಿಟ್ಟ ದರಕು (ಉದುರಿದ ಒಣ ಎಲೆ), ಹಾವಸೆ (ಮಾಸ್), ಮೇಲ್ಮಣ್ಣಿನ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೋಡಿ ಮುಗಿದಿವೆ. ಸಂತೋಷದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ: ಗೋಡೆ ತುಂಬ ಚೌಕ ಫಲಕಗಳಿರುವ ಚಿಪ್ಪು ಸಿಕ್ಕಿದೆ. ಕ್ವಾಡ್ರುಲೆಲ್ಲಾ. ಚಿತ್ರಗಳಲ್ಲಷ್ಟೇ ನೋಡಿದ್ದನ್ನು ನಮ್ಮದೇ ಬೆಟ್ಟದ ಹಾವಸೆಯಲ್ಲಿ ಕಂಡಾಗ ಆದ ಖುಷಿ ಇನ್ನೂ ಇಳಿದಿಲ್ಲ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಹುಡುಕುತ್ತಿರುವುದು ಶಾಲೆಯ ಪುಸ್ತಕದಲ್ಲಿರುವ ಬರಿಮೈಯ ಅಮೀಬಾವನ್ನಲ್ಲ, ಚಿಪ್ಪು ಕಟ್ಟಿಕೊಂಡು ಅದರೊಳಗೆ ಬದುಕುವವನ್ನು. ಹೆಚ್ಚಿನವು 20ರಿಂದ 200 ಮೈಕ್ರಾನ್ ಉದ್ದ ಇರುತ್ತವೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಕೆಲವು ಮಣ್ಣಿನ ಕಣಗಳನ್ನು ಅಂಟಿಸಿ ಚಿಪ್ಪು ಕಟ್ಟುತ್ತವೆ. ಕೆಲವು ಸಿಲಿಕಾ ಫಲಕಗಳನ್ನು ಮೈಯೊಳಗೇ ತಯಾರಿಸಿ ಜೋಡಿಸುತ್ತವೆ. ನೆಬೆಲಾ ಕುಲದವು ತಾವು ತಿಂದ ಸಣ್ಣ ಅಮೀಬಾಗಳ ಫಲಕಗಳನ್ನೇ ತಮ್ಮ ಗೋಡೆಗೆ ಬಳಸಿಕೊಳ್ಳುತ್ತವೆ. ಒಳಗಿನ ಜೀವ ಹೋದರೂ ಚಿಪ್ಪು ಉಳಿಯುತ್ತದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ಚುವಾರ್ ಬಂಡೆಗಳಲ್ಲಿ ಸಿಕ್ಕಿರುವ ಸುಮಾರು 75 ಕೋಟಿ ವರ್ಷ ಹಳೆಯ ಚಿಪ್ಪುಗಳನ್ನು ಈ ಬಳಗಕ್ಕೇ ಸೇರಿಸುತ್ತಾರೆ.

ಮಾದರಿ ತಯಾರಿಸುವ ಕ್ರಮ ಬದಲಾಗಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಹಾವಸೆಯನ್ನು ನೆನೆಹಾಕಿ ಚೆನ್ನಾಗಿ ಕುಲುಕುವುದು, ಚಹಾ ಸೋಸುವ ಜಾಲರಿಯಲ್ಲಿ ದಪ್ಪ ಕಸ ತೆಗೆಯುವುದು, ತಳದಲ್ಲಿ ಕೂತ ಗಸಿಯಿಂದ ಒಂದು ಹನಿ ಸ್ಲೈಡಿಗೆ. ಒಣಮಣ್ಣಾದರೆ ಇನ್ನೊಂದು ಉಪಾಯವಿದೆ: ನೀರಿಗೆ ಹಾಕಿದ ಕೂಡಲೇ ಒಳಗೆ ಗಾಳಿ ಸಿಕ್ಕಿಕೊಂಡ ಚಿಪ್ಪುಗಳು ಮೇಲೆ ತೇಲುತ್ತವೆ, ಅವನ್ನು ಮೇಲಿನಿಂದಲೇ ಎತ್ತಿಕೊಳ್ಳಬಹುದು. ಕೈಗವಸು ತಪ್ಪದೆ ಹಾಕಿಕೊಳ್ಳುತ್ತೇನೆ. ಇದೇ ಮಣ್ಣಿನಲ್ಲಿ ಅಕಾಂತಮೀಬಾದಂಥ ಬರಿಮೈಯವೂ ಇರುತ್ತವೆ, ಅವು ಕಣ್ಣಿನ ಕಾರ್ನಿಯಾಕ್ಕೆ ಸೋಂಕು ತರಬಲ್ಲವು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ಹವ್ಯಾಸಕ್ಕೆ ಇಳಿದರೆ ವಿಶೇಷ ಎಚ್ಚರ ಬೇಕು.

ಗುರುತಿಸುವಾಗಿನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಹುಸಿಗಾಲು (ಚಲಿಸಲು, ಆಹಾರ ಹಿಡಿಯಲು ಅಮೀಬಾ ಮೈಯಿಂದ ಹೊರಚಾಚುವ ಭಾಗ) ಬೆರಳಿನಷ್ಟು ಮೊಂಡೋ, ದಾರದಷ್ಟು ಸಪೂರವೋ? ಮೊಂಡಾದರೆ ಆರ್ಸೆಲ್ಲಿನಿಡಾ ಗುಂಪು, ಸಪೂರವಾದರೆ ಬಹುಮಟ್ಟಿಗೆ ಯೂಗ್ಲೈಫಿಡಾ ಗುಂಪು. ಹಿಂದೆ ಚಿಪ್ಪಿದ್ದವನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತಿದ್ದರು. ಈ ಎರಡಕ್ಕೂ ಹತ್ತಿರದ ನಂಟೇ ಇಲ್ಲ, ಚಿಪ್ಪು ಕಟ್ಟುವುದನ್ನು ಬೇರೆಬೇರೆಯಾಗಿ ರೂಢಿಸಿಕೊಂಡಿವೆ ಎಂಬುದು ಡಿಎನ್‌ಎ ನೋಡಿದ ಮೇಲೆ ಖಚಿತವಾಯಿತು. ಆದರೆ ನನ್ನ ಸ್ಲೈಡುಗಳಲ್ಲಿ ಹೆಚ್ಚಿನವು ಖಾಲಿ ಚಿಪ್ಪುಗಳು. ಅವಕ್ಕೆ ಹುಸಿಗಾಲು ಎಲ್ಲಿಂದ ಬರಬೇಕು? ಹಾಗಾಗಿ ಫಲಕಗಳ ಆಕಾರ, ಬಾಯಿ ಇರುವ ಜಾಗ, ಉದ್ದಗಲ ಇವುಗಳಿಂದಲೇ ಮುಂದೆ ಹೋಗಬೇಕು. ಟ್ರೈನೀಮಾ ಕುಲಕ್ಕೂ ಕೊರಿಥಿಯನ್ ಕುಲಕ್ಕೂ ಬಾಯಿ ಒಂದು ಪಕ್ಕಕ್ಕೆ ಸರಿದಿರುತ್ತದೆ, ಕಡಿಮೆ ವರ್ಧನೆಯಲ್ಲಿ ಒಂದೇ ಎನಿಸುತ್ತವೆ. ನೂರು ಪಟ್ಟಿನ ಎಣ್ಣೆ ಲೆನ್ಸಿನಲ್ಲಿ ನೋಡಿದರೆ ಟ್ರೈನೀಮಾದ ಫಲಕಗಳು ದುಂಡಗೆ, ಕೊರಿಥಿಯನ್‌ನವು ಸಣ್ಣಗೆ, ಅಂಡಾಕಾರವಾಗಿ ಕಾಣುತ್ತವೆ. ಯೂಗ್ಲೈಫಾಕ್ಕೆ ಬಾಯಿಯ ಸುತ್ತ ಹಲ್ಲಿರುವ ಫಲಕಗಳಿರುತ್ತವೆ. ಈ ಮೂರೂ ನಮ್ಮಲ್ಲಿ ಧಾರಾಳ.

ಈಗ ಕ್ವಾಡ್ರುಲೆಲ್ಲಾಕ್ಕೆ ಬರೋಣ. ಸಿಕ್ಕಿದ್ದು ಬೆಟ್ಟದ ಅಂಚಿನಲ್ಲಿ ನೀರು ಜಿನುಗುವ ಚಿರೆಕಲ್ಲಿನ ಮೇಲಿನ ಹಾವಸೆಯಲ್ಲಿ. ಚಿಪ್ಪು ಪೂರ್ತಿ ಪಾರದರ್ಶಕ, ಮನೆಯ ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಸಾಲುಸಾಲು ಚೌಕಗಳು. ಅಳೆದವುಗಳ ಉದ್ದ 80ರಿಂದ 95 ಮೈಕ್ರಾನ್ ಒಳಗಿದೆ. ಸಿಲಿಕಾ ಫಲಕ ಎಂದ ಕೂಡಲೇ ಯೂಗ್ಲೈಫಾದ ನೆಂಟ ಅನಿಸುವುದು ಸಹಜ, ಆದರೆ ಇದು ಮೊಂಡು ಹುಸಿಗಾಲಿನ ಆರ್ಸೆಲ್ಲಿನಿಡಾ ಪೈಕಿ. ಒಂದು ಚಿಪ್ಪಿನಿಂದ ನಿಧಾನವಾಗಿ ಹೊರಚಾಚಿದ ಮೊಂಡು ಬೆರಳನ್ನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಇಷ್ಟನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಂಥ ಚೌಕ ಫಲಕದ ಚಿಪ್ಪಿಗೆ ‘ಸಿಮೆಟ್ರಿಕಾ’ ಎಂಬ ಹೆಸರನ್ನು 1860ರ ದಶಕದಲ್ಲಿ ಕೊಟ್ಟವರು ಜಾರ್ಜ್ ಚಾರ್ಲ್ಸ್ ವಾಲಿಚ್. 1815ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿ ಸೇನೆಯಲ್ಲಿ ವೈದ್ಯರಾಗಿದ್ದವರು. ಅವರು ಇದನ್ನು ಪ್ರತ್ಯೇಕ ಪ್ರಭೇದ ಎನ್ನಲಿಲ್ಲ, ಡಿಫ್ಲೂಜಿಯಾ ಎಂಬ ಇನ್ನೊಂದು ಚಿಪ್ಪಿನ ಅಮೀಬಾದ ಒಂದು ಬಗೆ ಎಂದರು. ಸುತ್ತಲಿನ ಪರಿಸರ ಬದಲಾದಂತೆ ಚಿಪ್ಪಿನ ರೂಪವೂ ಬದಲಾಗುತ್ತದೆ ಎಂಬುದು ಅವರ ವಾದ. 1875ರಲ್ಲಿ ಶುಲ್ಟ್ಸೆ ಇದಕ್ಕೆ ಕ್ವಾಡ್ರುಲಾ ಎಂಬ ಹೊಸ ಕುಲ ಮಾಡಿದರು. ಆ ಹೆಸರು ಅದಕ್ಕೂ ಮೊದಲೇ ಒಂದು ಸಿಹಿನೀರಿನ ಕಪ್ಪೆಚಿಪ್ಪಿಗೆ ಸಂದಿದ್ದರಿಂದ 1909ರಲ್ಲಿ ಕಾಕರೆಲ್ ಅದನ್ನು ಕ್ವಾಡ್ರುಲೆಲ್ಲಾ ಮಾಡಿದರು. 2017ರಲ್ಲಿ ಮೆಕ್ಸಿಕೋದ ಮರುಭೂಮಿಯ ಹಾವಸೆಯಿಂದ ಇದೇ ಕುಲದ ಹೊಸ ಪ್ರಭೇದವೊಂದನ್ನು ವರ್ಣಿಸಿದ್ದಾರೆ. ತೇವ ಇಷ್ಟಪಡುವ ಕುಲ ಎಂದೇ ಎಣಿಸಿದ್ದು ಮರುಭೂಮಿಯಲ್ಲಿ! ಆದ್ದರಿಂದ ನನ್ನ ನೋಟ್‌ಬುಕ್ಕಿನಲ್ಲಿ ಸದ್ಯಕ್ಕೆ ‘ಕ್ವಾಡ್ರುಲೆಲ್ಲಾ, ಸಿಮೆಟ್ರಿಕಾಕ್ಕೆ ಹತ್ತಿರ’ ಎಂದಷ್ಟೇ ಇದೆ. ಪ್ರಭೇದದ ಹೆಸರನ್ನು ಪೂರ್ತಿ ಬರೆಯಲು ಆಕಾರ ಮಾತ್ರ ಸಾಲದು. ಉತ್ತರದ ಜೌಗು ಹಾವಸೆಗಳಲ್ಲಿ ಎಲ್ಲರಿಗೂ ಪರಿಚಿತವಾದ ಹೈಯಲೋಸ್ಫೀನಿಯಾ ಪ್ಯಾಪಿಲಿಯೋವನ್ನು ಡಿಎನ್‌ಎ ಮೂಲಕ ನೋಡಿದಾಗ, ಒಂದೇ ಹೆಸರಿನಡಿ ಹನ್ನೆರಡು ಬೇರೆ ವಂಶಗಳು ಕಂಡವು ಎಂದು 2013ರಲ್ಲಿ ವರದಿಯಾಗಿದೆ.

ಹಾಗಾದರೆ ಇದು ಅಪರೂಪದ್ದೇ? ಇದೊಂದು ಪ್ರಶ್ನೆಯ ಮೇಲೆ ಈ ಸಲ ಹೆಚ್ಚು ಹೊತ್ತು ಕಳೆದಿದ್ದೇನೆ. ಬೆಟ್ಟದ ದರಕು ನಮ್ಮಲ್ಲಿ ಕೊಟ್ಟಿಗೆಗೆ ಹೋಗುತ್ತದೆ, ದನಗಳ ಕಾಲಡಿ ಗೊಬ್ಬರವಾಗುತ್ತದೆ, ಅಲ್ಲಿಂದ ಅಡಿಕೆ ಬುಡಕ್ಕೆ. ದರಕಿನ ಜೊತೆ ಚಿಪ್ಪೂ ಹೋಗುತ್ತದೆ. ತೋಟದ ಮಣ್ಣಿನಲ್ಲಿ ಸಿಕ್ಕ ಖಾಲಿ ಚಿಪ್ಪು ಅಲ್ಲೇ ಬದುಕಿತ್ತು ಎನ್ನಲು ಯಾವ ಆಧಾರವಿದೆ? ಅದಕ್ಕೇ ರೋಸ್ ಬೆಂಗಾಲ್ ಬಣ್ಣ ಹಾಕಲು ಶುರುಮಾಡಿದ್ದೇನೆ. ಒಳಗೆ ಜೀವದ್ರವ್ಯವಿದ್ದರೆ ಗುಲಾಬಿಯಾಗುತ್ತದೆ, ಖಾಲಿಯಿದ್ದರೆ ಬಣ್ಣ ಹಿಡಿಯುವುದಿಲ್ಲ. ಈಗ ಪ್ರತಿ ಮಾದರಿಗೂ ಎರಡು ಪಟ್ಟಿ: ಬಣ್ಣ ಹಿಡಿದವು ಮತ್ತು ಖಾಲಿ. ಎಷ್ಟು ಚಿಪ್ಪು ನೋಡಿದ ಮೇಲೆ ಇದೊಂದು ಸಿಕ್ಕಿತು ಎಂಬುದನ್ನೂ ಬರೆದಿಡುತ್ತೇನೆ. ಯಾರೂ ನೋಡದ ಮಣ್ಣಿನಲ್ಲಿ ಎಲ್ಲವೂ ಅಪರೂಪವಾಗಿಯೇ ಕಾಣುತ್ತದೆ. ಈ ಲೆಕ್ಕವಿಲ್ಲದೆ ಆ ಮಾತನ್ನು ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ಹಿಂದೆ ಹಳೆಯ ಜಗಳವೊಂದಿದೆ. ಸೂಕ್ಷ್ಮಜೀವಿಗಳು ಎಲ್ಲೆಡೆ ಇವೆ, ಯಾವುದು ಉಳಿಯಬೇಕೆಂದು ಪರಿಸರ ಆರಿಸುತ್ತದೆ ಎಂದು 1934ರಲ್ಲಿ ಡಚ್ ವಿಜ್ಞಾನಿ ಬಾಸ್ ಬೆಕಿಂಗ್ ಹೇಳಿದ್ದರು. ಅದಕ್ಕೆ ಎದುರಾಗಿ ನಿಲ್ಲಿಸುವ ಉದಾಹರಣೆ ಅಪೊಡೆರಾ ವಾಸ್ ಎಂಬ ಚಿಪ್ಪಿನ ಅಮೀಬಾ. ಕುತ್ತಿಗೆಯ ಬಳಿ ಬಿಗಿದು ಕಟ್ಟಿದಂಥ ಚಿಪ್ಪು, ಒಮ್ಮೆ ನೋಡಿದರೆ ಮರೆಯುವಂತಿಲ್ಲ. ದಕ್ಷಿಣ ಗೋಳಾರ್ಧದಲ್ಲಿ ವ್ಯಾಪಕವಾಗಿದೆ. ನೂರು ವರ್ಷಕ್ಕೂ ಮೀರಿ ಜಾಲಾಡಿದ ಯುರೋಪಿನ ಹಾವಸೆಗಳಲ್ಲಿ ಇಲ್ಲ. ಗೊಂಡ್ವಾನ ಭೂಖಂಡ ಒಡೆದದ್ದಕ್ಕೂ ಇದರ ಹಂಚಿಕೆಗೂ ಸಂಬಂಧವಿದೆ ಎನ್ನುವವರಿದ್ದಾರೆ. ನಮ್ಮ ನೆಲವೂ ಆ ಭೂಖಂಡದ ತುಂಡೇ ಆದ್ದರಿಂದ ಪ್ರತಿ ಸ್ಲೈಡಿನಲ್ಲೂ ಆ ಕುತ್ತಿಗೆಯನ್ನು ಹುಡುಕುತ್ತೇನೆ. ಈವರೆಗೆ ಸಿಕ್ಕಿಲ್ಲ.

ಬಗೆಹರಿಯದ ಒಂದು ಚಿಪ್ಪು ಇನ್ನೂ ಉಳಿದಿದೆ. ಮಣ್ಣಿನ ಕಣಗಳಿಂದ ಕಟ್ಟಿದ ಕಂದು ಗುಮ್ಮಟ, ಬಾಯಿ ಸೀಳಿನಂತೆ ಅಂಚಿನಡಿ ಅಡಗಿದೆ. ಪ್ಲೇಜಿಯೋಪಿಕ್ಸಿಸ್ ಬಳಗದ್ದು ಎನ್ನುವವರೆಗೆ ಸಂಶಯವಿಲ್ಲ. ಮುಂದಕ್ಕೆ ಹೋಗಬೇಕಾದರೆ ಅದೇ ಚಿಪ್ಪನ್ನು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ನೋಡಬೇಕು. ಗ್ಲಿಸರಿನ್ ಹನಿಯಲ್ಲಿಟ್ಟು, ಕಡ್ಡಿಯ ತುದಿಗೆ ಅಂಟಿಸಿದ ರೆಪ್ಪೆಗೂದಲಿನಿಂದ ಹೊರಳಿಸುತ್ತಿದ್ದೇನೆ. ಪಕ್ಕನೋಟದ ಚಿತ್ರ ಮಾತ್ರ ಇನ್ನೂ ಸರಿಯಾಗಿ ಬಂದಿಲ್ಲ.

ಮುಂದಿನ ಕೆಲಸ ಎರಡು. ಕ್ವಾಡ್ರುಲೆಲ್ಲಾ ಸಿಕ್ಕ ಚಿರೆಕಲ್ಲಿನಿಂದ ಬೇಸಿಗೆಯಲ್ಲೂ ಹಾವಸೆ ತಂದು, ಒಣಗಿದಾಗ ಬಣ್ಣ ಹಿಡಿಯುವವು ಎಷ್ಟು ಉಳಿಯುತ್ತವೆ ನೋಡುವುದು. ಬೆಟ್ಟದ ಪಕ್ಕದ ಬೇಣದ (ಹುಲ್ಲುಗಾವಲು) ಹುಲ್ಲುಬುಡದ ಮಣ್ಣನ್ನು ಇದೇ ಕ್ರಮದಲ್ಲಿ ಶುರುಮಾಡುವುದು. ಜೀವಂತ ಚಿಪ್ಪುಗಳನ್ನು ಒಂದೊಂದಾಗಿ ಆಲ್ಕೋಹಾಲಿನಲ್ಲಿ ತೆಗೆದಿಡುತ್ತಿದ್ದೇನೆ. ಒಂಟಿ ಜೀವಕೋಶದಿಂದ ಡಿಎನ್‌ಎ ಓದುವ ಅನುಕೂಲವಿರುವ ಪ್ರಯೋಗಾಲಯದವರು ಯಾರಾದರೂ ಆಸಕ್ತಿ ತೋರಿದರೆ ಅಳತೆ, ಫೋಟೋಗಳ ಜೊತೆ ಅವನ್ನು ಕೊಡಲು ಸಿದ್ಧ.