ಹೆಸರಘಟ್ಟದ ಕಂದು ಹಕ್ಕಿಗಳು

"ಚಿಕ್ಕಮ್ಮ, ಎರಡೂ ಒಂದೇ ಅಲ್ವಾ?"

ಜನವರಿಯಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಬೆಂಗಳೂರಿನ ಹತ್ತಿರದ ಹೆಸರಘಟ್ಟ ಹುಲ್ಲುಗಾವಲಿಗೆ ಹೋಗಿದ್ದೆ. ಮುಂದಿನ ಕಾಲುದಾರಿಯಲ್ಲಿ ಎರಡು ಪುಟ್ಟ ಹಕ್ಕಿ. ಎರಡೂ ಕಂದು, ಎರಡರ ಎದೆಯ ಮೇಲೂ ಗೀರು. ಒಣಹುಲ್ಲಿನ ನಡುವೆ ಕಾಣುವುದೇ ಕಷ್ಟ.

"ಬಣ್ಣ ಬಿಡು, ಏನ್ ಮಾಡ್ತಿವೆ ನೋಡು" ಅಂದೆ.

ಒಂದು ಹಕ್ಕಿ ನಾಲ್ಕು ಹೆಜ್ಜೆ ಓಡಿ ತಟ್ಟನೆ ನಿಲ್ಲುತ್ತಿತ್ತು. ಎದೆ ಎತ್ತಿ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಉದ್ದ ಕಾಲು, ತೆಳು ಕೊಕ್ಕು. ಅದು ಗದ್ದೆ ಬಯಲಿನಲ್ಲೆಲ್ಲ ಸಿಗುವ ಪ್ಯಾಡಿಫೀಲ್ಡ್ ಪಿಪಿಟ್. ಇನ್ನೊಂದು ನೆಲಕ್ಕೆ ಅಂಟಿಕೊಂಡಂತೆ ನಡೆಯುತ್ತಿತ್ತು. ಗುಂಡು ಮೈ, ದಪ್ಪ ಕೊಕ್ಕು, ಮೋಟು ಬಾಲ. ಬಾಲ ಆಡಿಸಲೇ ಇಲ್ಲ. ಅದು ಬುಶ್ ಲಾರ್ಕ್. ನಾಯಿಯೊಂದು ಬಂದು ಎರಡೂ ಎದ್ದವು. ಪಿಪಿಟ್‌ನ ಬಾಲದ ಎರಡೂ ಅಂಚಲ್ಲಿ ಬಿಳಿ, ಲಾರ್ಕ್‌ನ ರೆಕ್ಕೆಯಲ್ಲಿ ಇಟ್ಟಿಗೆ ಕೆಂಪು. ಹುಡುಗಿ ಕುಣಿದಳು.

ಅಷ್ಟಕ್ಕೇ ಮುಗಿಯುವುದಿಲ್ಲ. ಚಳಿಗಾಲದಲ್ಲಿ ಸೈಬೀರಿಯಾ, ಮಂಗೋಲಿಯಾ ಕಡೆಯಿಂದ ರಿಚರ್ಡ್ಸ್ ಪಿಪಿಟ್, ಬ್ಲೈತ್ಸ್ ಪಿಪಿಟ್ ಬರುತ್ತವೆ. ನೋಡಲು ನಮ್ಮ ಪಿಪಿಟ್‌ನಂತೆಯೇ. ರಿಚರ್ಡ್ಸ್ ಸ್ವಲ್ಪ ದೊಡ್ಡದು, ಆದರೆ ಒಂಟಿಯಾಗಿ ಕಂಡರೆ ಗಾತ್ರ ಹೇಗೆ ಅಳೆಯೋದು? ನನಗೆ ಹೆಚ್ಚು ನಂಬಿಕೆ ಕಿವಿಯ ಮೇಲೆ. ಅವತ್ತೂ ಹಾಗೇ ಆಯಿತು. ಕೆರೆ ಅಂಗಳದ ಕಡೆಯಿಂದ ಒಂದು ಪಿಪಿಟ್ ಎದ್ದು 'ಶ್ರೀಪ್' ಎಂದು ಒರಟಾಗಿ, ಗಟ್ಟಿಯಾಗಿ ಕೂಗಿತು. ರಿಚರ್ಡ್ಸ್! ನಮ್ಮ ಊರಿನದು ಚಿಕ್ಕದಾಗಿ 'ಚಿಪ್ ಚಿಪ್' ಅನ್ನುತ್ತದೆ, ಅಷ್ಟೇ. ಆಮೇಲೆ ಇನ್ನೊಂದು ಕಂಡಿತು. ತುಂಬಾ ಹೊತ್ತು ಕಾದರೂ ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ 'ಪಿಪಿಟ್' ಎಂದಷ್ಟೇ ಬರೆಸಿದೆ. ಅವಳಿಗೆ ಬೇಜಾರು. ಆದರೆ ಹಕ್ಕಿ ಕೊಡದ ಗುರುತನ್ನು ನಾವು ಸೇರಿಸಿ ಬರೆಯಬಾರದು. ಆ ಪಟ್ಟಿ ಮುಂದೆ ಯಾರಿಗೋ ಬೇಕಾಗಬಹುದು.

ಮತ್ತೆ ಹೋಗಿದ್ದು ಜೂನ್‌ನಲ್ಲಿ. ಚಳಿಗಾಲದ ಅತಿಥಿಗಳೆಲ್ಲ ಹೊರಟುಹೋಗಿದ್ದರಿಂದ ಪಿಪಿಟ್ ತಲೆನೋವು ಇರಲಿಲ್ಲ. ಉಳಿದಿದ್ದು ಬುಶ್ ಲಾರ್ಕ್ ಪ್ರಶ್ನೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ, ಇಂಡಿಯನ್ ಮತ್ತು ಜೆರ್ಡನ್ಸ್. ಎರಡನೆಯದಕ್ಕೆ ಹೆಸರು ಬಂದಿದ್ದು 19ನೇ ಶತಮಾನದಲ್ಲಿ ಮದ್ರಾಸ್ ಸೈನ್ಯದಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್ ಅವರಿಂದ. ಇಂಡಿಯನ್ ಬುಶ್ ಲಾರ್ಕ್ ಹಾಡುತ್ತಾ ಜಾಸ್ತಿ ಎತ್ತರಕ್ಕೆ ಏರುತ್ತದೆ. ನಮ್ಮೆದುರಿನ ಹಕ್ಕಿ ಪೊದೆಯಿಂದ ಸ್ವಲ್ಪವೇ ಮೇಲೆದ್ದು, ರೆಕ್ಕೆ ಎತ್ತಿ ಹಿಡಿದು, ಕಾಲು ಇಳಿಬಿಟ್ಟು, ಒಣ ದನಿಯಲ್ಲಿ ಹಾಡುತ್ತಾ ಅದೇ ಪೊದೆಗೆ ಇಳಿಯಿತು.

"ಜೆರ್ಡನ್ಸ್" ಎಂದು ನನಗಿಂತ ಮೊದಲು ಅವಳೇ ಬರೆದುಕೊಂಡಳು.