ಬಾಲದ ಮೇಲೆ ಕೂತ ವಿಮಾನ

ಭಾನುವಾರ ಬೆಳಗ್ಗೆ ಹತ್ತೂವರೆ. ಮೂರೂ ಚಕ್ರ ಅಂಟಿಸಿ ಒಂದು ರಾತ್ರಿ ಒಣಗಲು ಬಿಟ್ಟಿದ್ದ ನನ್ನ ಪ್ಲಾಸ್ಟಿಕ್ ಮಾಡೆಲ್ ಲಿಬರೇಟರನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದೆ. ಮೆಲ್ಲಗೆ ಕೈ ಬಿಟ್ಟೆ. ಒಂದು ಕ್ಷಣ ನಿಂತಿತು. ಆಮೇಲೆ ಮೂಗು ನಿಧಾನಕ್ಕೆ ಮೇಲೆದ್ದು, ಟಕ್ ಅಂತ ಬಾಲದ ಮೇಲೆ ಕೂತುಬಿಟ್ಟಿತು. ಗಾಡಿ ಎಳೆಯಲ್ಲ ಅಂತ ನಡು ರಸ್ತೆಯಲ್ಲಿ ಕೂತ ಎತ್ತಿನ ಹಾಗೆ.

ಮತ್ತೆ ನಿಲ್ಲಿಸಿದೆ. ಮತ್ತೆ ಕೂತಿತು.

ಹೀಗಾಗಬಹುದು ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಬಿ-24 ಲಿಬರೇಟರ್ ಅಂದರೆ ಎರಡನೇ ಮಹಾಯುದ್ಧದ ಅಮೆರಿಕದ ಬಾಂಬರ್. ಅದರ ಮಾಡೆಲ್ ಮಾಡುವವರೆಲ್ಲ ಮೊದಲು ಹೇಳುವ ಮಾತೇ ಅದು: ಮೂಗಿನೊಳಗೆ ಭಾರ ತುಂಬು, ಇಲ್ಲಾಂದ್ರೆ ಬಾಲದ ಮೇಲೆ ಕೂರುತ್ತೆ. ನಾನೂ ತುಂಬಿದ್ದೆ. ಕಾಕ್‌ಪಿಟ್ ನೆಲದ ಕೆಳಗೆ, ಮುಂದಿನ ಚಕ್ರದ ಗೂಡಿನ ಅಕ್ಕಪಕ್ಕ, ಎಲ್ಲೆಲ್ಲಿ ಸಂದಿ ಸಿಕ್ಕಿತೋ ಅಲ್ಲೆಲ್ಲ ಸೀಸದ ಚೂರು ಇಟ್ಟಿದ್ದೆ. ಸಾಕು ಅನ್ನಿಸಿತು. ತೂಕ ಮಾತ್ರ ನೋಡಲಿಲ್ಲ. ಈಗ ಮೂಗು ಮುಚ್ಚಿಯಾಗಿದೆ, ಜೋಡು ಅಂಟಿಸಿ, ಪುಟ್ಟಿ ಹಾಕಿ, ಉಜ್ಜಿ ನುಣ್ಣಗೆ ಮಾಡಿಯಾಗಿದೆ. ಒಡೆಯದೆ ಒಳಗೆ ಹೋಗಲು ದಾರಿಯೇ ಇಲ್ಲ.

ಅಪ್ಪ ಪೇಪರ್ ಮಡಚಿಟ್ಟು ಬಂದರು. ಅವರಿಗೆ ಎಂಬತ್ತಮೂರು. ಎಚ್‌ಎಎಲ್‌ನಲ್ಲಿ ವಿಮಾನದ ತಗಡಿಗೆ ಜೀವಮಾನವಿಡೀ ರಿವೆಟ್ ಹೊಡೆದವರು. ರಿವೆಟ್ ಗನ್ನಿನ ಸದ್ದಿಗೆ ಎಡಗಿವಿ ಹೆಚ್ಚುಕಮ್ಮಿ ಹೋಗಿದೆ, ಅದಕ್ಕೇ ಮನೆಯಲ್ಲಿ ಯಾರಾದರೂ ಗೊಣಗಿದರೆ ಬಲಗಡೆ ಬಂದು ಗೊಣಗಬೇಕು. ವಿಮಾನದ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಕೂತ್ಕೊಂಡ್ತಾ?"

"ಕೂತ್ಕೊಂಡ್ತು."

"ನಿಜವಾದ್ದೂ ಕೂರ್ತಿತ್ತು ಕಣೋ," ಅಂದರು.

ಇಲ್ಲಿ ಸ್ವಲ್ಪ ಹಿಂದಿನ ಕತೆ ಹೇಳಬೇಕು. ಈ ಕಿಟ್ ಕೊಂಡಾಗ ನನ್ನ ತಲೆಯಲ್ಲಿ ಇದ್ದದ್ದು ಅಮೆರಿಕದ ವಿಮಾನ. ಆಲಿವ್ ಹಸಿರು, ರೆಕ್ಕೆಯ ಮೇಲೆ ಬಿಳಿ ನಕ್ಷತ್ರ, ಮೂಗಿನ ಮೇಲೆ ಚಿತ್ತಾರ. ಪೆಟ್ಟಿಗೆಯ ಮೇಲಿನ ಚಿತ್ರವೂ ಅದೇ. 72ನೇ ಒಂದು ಭಾಗದ ಅಳತೆ. ನಿಜದ ರೆಕ್ಕೆ ತುದಿಯಿಂದ ತುದಿಗೆ 110 ಅಡಿ, ನನ್ನ ಮೇಜಿನ ಮೇಲೆ ಅದು 46 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಯುದ್ಧದ ಕಾಲದಲ್ಲಿ ಇವನ್ನು 18 ಸಾವಿರಕ್ಕೂ ಹೆಚ್ಚು ಮಾಡಿದರು. ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆಯಲ್ಲಿ ಕೆಲಸ ಬಿರುಸಾಗಿದ್ದಾಗ ಹೆಚ್ಚುಕಮ್ಮಿ ಗಂಟೆಗೊಂದು ವಿಮಾನ ಹೊರಗೆ ಬರುತ್ತಿತ್ತು. ನನಗೆ ಒಂದಕ್ಕೆ ನಾಲ್ಕು ತಿಂಗಳು ಆಗಿತ್ತು. ಹೆಂಡತಿಗೆ ಈ ಲೆಕ್ಕ ಹೇಳಬಾರದಿತ್ತು.

ಮೊದಲ ವಾರವೇ ಅಪ್ಪ ಪ್ಲಾಸ್ಟಿಕ್ ಫ್ರೇಮಿನಲ್ಲಿದ್ದ ಬಾಲದ ಎರಡು ರೆಕ್ಕೆ ನೋಡಿ, "ಇದು ಲಿಬರೇಟರ್ ಅಲ್ವಾ?" ಅಂದಿದ್ದರು. ನಾನು ಹೌದು ಅಂದೆ. "ನಮ್ಮ ಫ್ಯಾಕ್ಟರಿ ವಿಮಾನಾನ ಅಮೆರಿಕದ್ದು ಅಂತ ಯಾಕೆ ಮಾಡ್ತೀಯ?" ಅಂದುಬಿಟ್ಟರು. ಆವತ್ತಿಗೆ ಬಿಳಿ ನಕ್ಷತ್ರದ ಆಸೆ ಮುಗಿಯಿತು.

ಅಪ್ಪ ಕೆಲಸಕ್ಕೆ ಸೇರಿದ್ದು 1962ರಲ್ಲಿ. ಆಗಿನ್ನೂ ಅದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಹಿಂದೂಸ್ತಾನ್ ಏರೋನಾಟಿಕ್ಸ್ ಅಂತಾದದ್ದು 1964ರಲ್ಲಿ. ಅವರ ಕೈಗೆ ಬಂದದ್ದು ಮಾರುತ್ ಅನ್ನೋ ಜೆಟ್ ಯುದ್ಧವಿಮಾನದ ಕೆಲಸ. ಲಿಬರೇಟರ್ ಕೆಲಸ ಅವರಿಗಿಂತ ಒಂದು ತಲೆಮಾರು ಹಿಂದಿನವರದ್ದು. ಆದರೆ ಕ್ಯಾಂಟೀನಿನಲ್ಲಿ ಆ ಹಿರಿಯ ಫಿಟ್ಟರುಗಳ ಎದುರು ಕೂತವರಿಗೆ ಆ ಕತೆ ಕೇಳದೆ ಕಾಫಿ ಸಿಗುತ್ತಿರಲಿಲ್ಲವಂತೆ.

ಕತೆ ಹೀಗೆ. ಯುದ್ಧ ಮುಗಿದಾಗ ಬ್ರಿಟಿಷರ ವಾಯುಪಡೆಯ ಹತ್ತಿರ ಇಲ್ಲಿ ರಾಶಿ ಲಿಬರೇಟರ್‌ಗಳಿದ್ದವು. ಬರ್ಮಾದ ಮೇಲೆ ಬಾಂಬ್ ಹಾಕಲು ತಂದವು. ಎಲ್ಲ ಅಮೆರಿಕದವರು ಲೆಂಡ್-ಲೀಸ್, ಅಂದರೆ ಯುದ್ಧಕಾಲದ ಎರವಲು ಲೆಕ್ಕದಲ್ಲಿ ಕೊಟ್ಟದ್ದು. ಯುದ್ಧ ಮುಗಿದ ಮೇಲೆ ಇನ್ಯಾರೂ ಹಾರಿಸಬಾರದು ಅಂತ ಅವನ್ನು ಕಾನ್ಪುರದಲ್ಲಿ ನಿಲ್ಲಿಸಿ ಹಾಳುಗೆಡವಿ ಹೋದರು. ಇಂಜಿನ್ನಿಗೆ ಮರಳು ಸುರಿದಿದ್ದರಂತೆ, ಮೈಗೆ ತೂತು ಹೊಡೆದಿದ್ದರಂತೆ. ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಒಂದೂ ಇಲ್ಲ, ಕೊಳ್ಳಲು ದುಡ್ಡೂ ಇಲ್ಲ. ಆಗ ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಆ ಗುಜರಿ ರಾಶಿ ನೋಡಿ, ಇದನ್ನು ಎಬ್ಬಿಸಬಹುದು ಅಂದರು. ಇದರ ರೆಕ್ಕೆ ಅದಕ್ಕೆ, ಅದರ ಗೇಜು ಇದಕ್ಕೆ, ಹಾಗೆ ಹಾರುವಷ್ಟು ಮಾಡಿ ಬೆಂಗಳೂರಿಗೆ ತರೋದು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟೋದು. ತಂದವರು ಎಚ್‌ಎಎಲ್‌ನ ಪೈಲಟ್ ಜಮ್‌ಷೆಡ್ ಮುನ್ಶಿ. ಹೀಗೆ ನಲವತ್ತರ ಆಸುಪಾಸು ವಿಮಾನ ಎದ್ದವು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾದದ್ದೇ ಇವುಗಳಿಂದ. ಮುಂದೆ 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರದ ಮೇಲೆ ಕಾವಲಿಗೆ ಬಳಸಿತು. ಕೊನೆಗೆ ನಿವೃತ್ತಿಯಾದದ್ದು 1968ರಲ್ಲಿ. ಎಸೆದುಹೋದ ಮಾಲು ಇಪ್ಪತ್ತು ವರ್ಷ ಹಾರಿತು.

ಇವತ್ತು ಲಂಡನ್ನಿನಲ್ಲಿ, ಬ್ರಿಟಿಷ್ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿ ಒಂದು ಲಿಬರೇಟರ್ ಇದೆ. ಅದನ್ನು 1974ರಲ್ಲಿ ಕೊಟ್ಟದ್ದು ನಾವು. ಹಾಳುಗೆಡವಿ ಹೋದವರಿಗೇ ರಿಪೇರಿ ಮಾಡಿ ವಾಪಸ್ ಕೊಟ್ಟ ಹಾಗಾಯಿತು ಅಂತ ಅಪ್ಪ ಈಗಲೂ ನಗುತ್ತಾರೆ.

ಸರಿ, ಬಾಲದ ಮೇಲೆ ಕೂತ ನನ್ನ ವಿಮಾನಕ್ಕೆ ಬರೋಣ.

ಅಪ್ಪ ದೇವರ ಮನೆಯ ಹುಂಡಿ ಡಬ್ಬಿ ತಂದರು. "ಮೂಗಿನ ಮೇಲೆ ಒಂದೊಂದೇ ಇಡು, ಟೇಪ್ ಹಾಕಿ." ಐದು ರೂಪಾಯಿಯ ಹಳದಿ ನಾಣ್ಯ, ಒಂದೊಂದೂ ಸುಮಾರು ಆರು ಗ್ರಾಂ. ಮೂರು ಇಟ್ಟಾಗ ಬಾಲ ಸ್ವಲ್ಪ ಯೋಚನೆ ಮಾಡಿತು. ಐದಕ್ಕೆ ಎದ್ದಿತು, ಆದರೆ ಮೇಜು ತಟ್ಟಿದರೆ ಮತ್ತೆ ಕೂತಿತು. ಆರಕ್ಕೆ ಗಟ್ಟಿಯಾಗಿ ನಿಂತಿತು. ಅಂದರೆ ಮೂಗಿನಲ್ಲಿ ಇನ್ನೂ 36 ಗ್ರಾಂ ಬೇಕು. ಮೂಗು ಮುಚ್ಚಿದೆ.

"ಇಂಜಿನ್ ಗೂಡು ತೆರೆದೇ ಇದೆಯಲ್ಲ," ಅಂದರು ಅಪ್ಪ.

ಇದು ನನಗೆ ಹೊಳೆದೇ ಇರಲಿಲ್ಲ, ನೋಡಿ. ಬಣ್ಣ ಹಾಕಲು ಸುಲಭ ಅಂತ ನಾಲ್ಕು ಇಂಜಿನ್ನನ್ನೂ ಇನ್ನೂ ಕೂರಿಸಿರಲಿಲ್ಲ. ರೆಕ್ಕೆಯ ಮುಂದೆ ನಾಲ್ಕು ಕೊಳವೆ ಬಾಯಿ ಬಿಟ್ಟುಕೊಂಡು ಇದ್ದವು. ಅವು ಚಕ್ರಕ್ಕಿಂತ ಮುಂದಿವೆ. ಅಪ್ಪ ಸ್ಕೇಲ್ ತಂದು ಅಳೆದರು. ಚಕ್ರದಿಂದ ನಾಣ್ಯಕ್ಕೆ ಇರುವ ದೂರದ ಅರ್ಧ ದೂರದಲ್ಲಿ ಇಂಜಿನ್ ಗೂಡು. "ಅರ್ಧ ದೂರ, ಎರಡರಷ್ಟು ತೂಕ. ತಕ್ಕಡಿ ಲೆಕ್ಕ." ಅಂದರೆ 72 ಗ್ರಾಂ. 72ರ ಅಳತೆಯ ವಿಮಾನಕ್ಕೆ 72 ಗ್ರಾಂ. ಸುಮ್ನೆ ಕಾಕತಾಳೀಯ, ಆದರೂ ಖುಷಿಯಾಯಿತು.

ಸೀಸ ಎಲ್ಲಿ? ನನ್ನ ಹತ್ತಿರ ಇದ್ದದ್ದೆಲ್ಲ ಮೂಗಿನಲ್ಲಿ ಸಮಾಧಿ. ಭಾನುವಾರ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗಿಯೂ ಪ್ರಯೋಜನವಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಒಂದು ಟೈರ್ ಅಂಗಡಿ ತೆರೆದಿತ್ತು. ವೀಲ್ ಬ್ಯಾಲೆನ್ಸಿಂಗ್‌ಗೆ ರಿಮ್ಮಿಗೆ ಅಂಟಿಸುವ ಪಟ್ಟಿ ಇರುತ್ತಲ್ಲ, ಐದು ಗ್ರಾಂನ ಬಿಲ್ಲೆಗಳು ಸಾಲಾಗಿ, ಹಿಂದೆ ಅಂಟು. ಅದನ್ನು ಕೇಳಿದೆ.

"ಗಾಡಿ ಎಲ್ಲಿ ಸಾರ್?"

"ಗಾಡಿಗಲ್ಲ, ವಿಮಾನಕ್ಕೆ."

ಹುಡುಗ ಎಚ್‌ಎಎಲ್ ಕಾಂಪೌಂಡ್ ಇರುವ ದಿಕ್ಕಿಗೆ ಒಂದು ಸಲ ನೋಡಿದ, ನನ್ನ ಚಪ್ಪಲಿ ನೋಡಿದ, ಎರಡು ಪಟ್ಟಿ ಕೊಟ್ಟ. ಎಷ್ಟು ಹೇಳಿದರೂ ದುಡ್ಡು ತೊಗೊಳ್ಳಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಕೂತೆವು. ನಾನು ಬಿಲ್ಲೆ ಬಿಡಿಸಿ ಬಗ್ಗಿಸಿ ಕೊಡೋದು, ಅಪ್ಪ ಚಿಮಟದಲ್ಲಿ ಹಿಡಿದು ಗೂಡಿನೊಳಗೆ ತಳ್ಳೋದು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತೆ. ಒಂದೊಂದು ಗೂಡಿಗೆ ಮೂರು ಬಿಲ್ಲೆ ಹಾಕಿದಾಗ 60 ಗ್ರಾಂ ಆಯಿತು. ಆಗ ಕಾಲುಗಳನ್ನು ನೋಡಿದೆ. ಬೆಂಕಿಕಡ್ಡಿ ದಪ್ಪದ ಪ್ಲಾಸ್ಟಿಕ್ ಕಾಲು, ಹೊರಗಡೆಗೆ ಸ್ವಲ್ಪ ಬಾಗಿತ್ತು. ಗರ್ಭಿಣಿ ಹಸುವಿನ ಹಾಗೆ. ಇನ್ನು ಒಂದು ಬಿಲ್ಲೆ ಹಾಕಿದರೂ ಕಾಲು ಹೋಗುತ್ತೆ. ಅಲ್ಲಿಗೆ ನಿಲ್ಲಿಸಿದೆವು. ವಿಮಾನ ನಿಂತಿತು, ಆದರೆ ಫ್ಯಾನ್ ಐದರಲ್ಲಿ ಇಟ್ಟರೆ ತೂಗಾಡಿತು.

ವಿಮಾನವನ್ನು ಹೊಟ್ಟೆ ಮೇಲಾಗಿ ತಿರುಗಿಸಿದ್ದಾಗ ಅಪ್ಪ ಬಾಂಬ್ ಗೂಡಿನ ಬಾಗಿಲು ನೋಡಿದರು. ಲಿಬರೇಟರಿನ ಬಾಗಿಲು ಬೇರೆ ಬಾಂಬರುಗಳ ಹಾಗೆ ಕೆಳಕ್ಕೆ ತೆರೆಯುವುದಿಲ್ಲ. ಅಂಗಡಿಯ ರೋಲಿಂಗ್ ಶಟರ್ ಹಾಗೆ ಮೈಗೆ ಅಂಟಿಕೊಂಡು ಮೇಲಕ್ಕೆ ಸುತ್ತುತ್ತೆ. ಕಿಟ್ಟಿನ ಬಾಗಿಲು ಹಲಗೆಯ ಹಾಗಿತ್ತು. ನಾನು ಬಿರಿಯಾನಿ ಪಾರ್ಸೆಲ್ಲಿನ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ, ಬರೆಯದ ಬಾಲ್‌ಪೆನ್ನಿನಲ್ಲಿ ಗೀಟು ಎಳೆದು ಹೊಸದು ಮಾಡಿದ್ದೆ. ಒಳಗೆ ನಡುವೆ ಓಡಾಡಲು ಬರೀ ಒಂಬತ್ತು ಇಂಚಿನ ಓಣಿ, ನನ್ನ ಅಳತೆಯಲ್ಲಿ ಮೂರು ಮಿಲಿಮೀಟರ್ ಪಟ್ಟಿ. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. ಇದು ಚೆನ್ನಾಗಿದೆ ಅನ್ನುತ್ತಾರೆ ಅಂತ ಕಾದೆ.

"ರಿವೆಟ್ ದಪ್ಪ ಆಯ್ತು," ಅಂದರು.

ಹಳೇ ಅಚ್ಚಿನ ಕಿಟ್. ಮೈಮೇಲೆಲ್ಲ ರಿವೆಟ್ಟುಗಳು ಉಬ್ಬಿಕೊಂಡಿವೆ. ನಿಜದಲ್ಲಿ ಇಷ್ಟು ದಪ್ಪ ಇದ್ದಿದ್ದರೆ ಒಂದೊಂದು ರಿವೆಟ್ಟೂ ಗೋಲಿ ಗಾತ್ರ ಇರಬೇಕಿತ್ತು. ಅಪ್ಪ ಹೇಳಿದ್ದು ಸರಿಯೇ. ಮುಂದಿನ ಎರಡು ವಾರ ಸಾವಿರದ ಎಮೆರಿ ಪೇಪರ್ ನೀರಿನಲ್ಲಿ ಅದ್ದಿ ಉಜ್ಜಿದ್ದೇ ಉಜ್ಜಿದ್ದು. ಒಂದಷ್ಟು ರಿವೆಟ್ ಪೂರ್ತಿ ಮಾಯವಾದವು. ಅದಕ್ಕೂ ಅಪ್ಪನ ತಕರಾರಿತ್ತು, ಬಿಡಿ.

ಬಣ್ಣದ ಕತೆ ಬೇಗ ಹೇಳಿ ಮುಗಿಸುತ್ತೇನೆ. ಬೆಳ್ಳಿ ಬಣ್ಣ ಅಂದರೆ ಸಣ್ಣ ಗೀರನ್ನೂ ಡಂಗುರ ಹೊಡೆದು ಹೇಳುವ ಬಣ್ಣ. ಅಡಿಯಲ್ಲಿ ಮಿರಿಮಿರಿ ಕಪ್ಪು, ಮೇಲೆ ತೆಳ್ಳಗೆ ಬೆಳ್ಳಿ. ಒಂದೇ ಬೆಳ್ಳಿ ಸಾಲದು ಅಂತ ಅಪ್ಪ ಅಡುಗೆಮನೆಯಿಂದ ಎರಡು ಅಲ್ಯೂಮಿನಿಯಂ ತಟ್ಟೆ ತಂದು ಕಿಟಕಿ ಬೆಳಕಿಗೆ ಹಿಡಿದರು. ಒಂದನ್ನು ಕಾಲು ಸುತ್ತು ತಿರುಗಿಸಿದರು. ಒಂದು ಬೆಳ್ಳಗೆ, ಇನ್ನೊಂದು ಬೂದು. "ಶೀಟ್ ಎಳೆದ ದಿಕ್ಕು ಬದಲಾದ್ರೆ ಬಣ್ಣ ಬದಲು. ಅದೂ ಇದು ಹತ್ತು ವಿಮಾನದ ತುಂಡು ಸೇರಿಸಿದ್ದು." ಹಾಗಾಗಿ ನನ್ನ ವಿಮಾನದ ಮೈ ಆರು ಬಗೆಯ ಬೆಳ್ಳಿ. ಎಡಗಡೆಯ ಹೊರಗಿನ ಇಂಜಿನ್ ಮುಚ್ಚಳ ಮಾತ್ರ ಎಲ್ಲಕ್ಕಿಂತ ಕಪ್ಪು. ಅದು ಬೇಕೂಂತ ಮಾಡಿದ್ದಲ್ಲ, ಬೆಳ್ಳಿ ಮುಗಿದಿತ್ತು. ಅಪ್ಪನಿಗೆ ಅದೇ ಬಹಳ ಹಿಡಿಸಿತು.

ನಮ್ಮ ವಾಯುಪಡೆಯ ಗುರುತಿನ ಡೆಕಾಲ್, ಅಂದರೆ ಅಂಟಿಸುವ ಚಿತ್ರ, ಕಿಟ್ಟಿನಲ್ಲಿ ಇರಲಿಲ್ಲ. ಕೈವಾರದಲ್ಲಿ ಮಾಸ್ಕಿಂಗ್ ಟೇಪ್ ವೃತ್ತ ಕತ್ತರಿಸಿ ಬಣ್ಣ ಹಾಕಿದೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮೊದಲನೇ ಸಲ ಕೇಸರಿ ಕುಂಕುಮದ ಬಣ್ಣವಾಯಿತು. ಮೂರನೇ ಸಲಕ್ಕೆ ಸರಿಹೋಯಿತು.

ಎಲ್ಲ ಮುಗಿಸಿ ಶೋಕೇಸಿನಲ್ಲಿ ಇಟ್ಟ ದಿನ ಮಗಳು ಗಾಜಿನ ಬಾಗಿಲು ಜೋರಾಗಿ ಎಳೆದಳು. ಟಕ್.

ಅಪ್ಪ ಏನೂ ಮಾತಾಡದೆ ದೇವರ ಮನೆಗೆ ಹೋದರು. ಉರಿದು ಉಳಿದ ಊದಿನಕಡ್ಡಿಯ ತುಂಡು ಒಂದು ತಂದು, ಬ್ಲೇಡಿನಲ್ಲಿ ತುದಿ ಓರೆಯಾಗಿ ಕೊಯ್ದು, ಬಾಲದ ಕೆಳಗೆ ಕೊಟ್ಟರು. ನಿಜದ ಲಿಬರೇಟರಿಗೂ ನೆಲದ ಮೇಲೆ ಕೆಲಸ ನಡೆಯುವಾಗ ಹೀಗೇ ಬಾಲಕ್ಕೆ ಊರುಗೋಲು ಕೊಡುತ್ತಿದ್ದರು. ಹಿಂದೆ ನಾಲ್ಕು ಜನ ಜಾಸ್ತಿ ಹತ್ತಿದರೆ ಮೂಗು ಎದ್ದುಬಿಡುತ್ತಿತ್ತು.

"ಇದಕ್ಕೆ ಕೆಂಪು ಬಣ್ಣ ಹಾಕು," ಅಂದರು. "ಮರೆತು ಹಾಗೇ ಹಾರಿಸಿಬಿಟ್ಟಾರು."

ಕಡ್ಡಿಗೆ ಕೆಂಪು ಹಾಕಿದ್ದೇನೆ. ಹತ್ತಿರ ಹೋದರೆ ಇನ್ನೂ ಮಲ್ಲಿಗೆ ವಾಸನೆ.