ಕಣಕಾಲು ನೋವು ಹೋಗದಿದ್ದರೆ ಯಾವ ಸ್ಕ್ಯಾನ್?

ಉಳುಕಿದ ಕಣಕಾಲು ಆರು ವಾರ ಕಳೆದರೂ ಊದಿಕೊಂಡೇ ಇದ್ದರೆ, ದುರ್ಗದ ಕೋಟೆ ಮೆಟ್ಟಿಲು ಇಳಿಯುವಾಗ ಚುಳ್ ಎನ್ನುತ್ತಿದ್ದರೆ, ಮತ್ತೆ ಎಣ್ಣೆ ಹಚ್ಚಿ ನೀವಿಸುವುದನ್ನು ನಿಲ್ಲಿಸಿ. ಆದರೆ ದಾವಣಗೆರೆಗೆ ಬಂದವರೇ ‘ಸೀದಾ ಎಂಆರ್‌ಐ ಬರೆದುಕೊಡಿ’ ಎನ್ನುವುದೂ ಸರಿಯಲ್ಲ. ಏನನ್ನು ಹುಡುಕುತ್ತೇವೋ ಅದಕ್ಕೆ ತಕ್ಕ ಯಂತ್ರ ಬೇಕು.

ಮೊದಲು ಎಕ್ಸ್‌ರೇ. ಸಾಧ್ಯವಾದರೆ ಕಾಲಿನ ಮೇಲೆ ಭಾರ ಹಾಕಿ ನಿಂತೇ ತೆಗೆಸಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಕಾಲನ್ನು 15ರಿಂದ 20 ಡಿಗ್ರಿ ಒಳಕ್ಕೆ ತಿರುಗಿಸಿ ಇನ್ನೊಂದು. ಈ ಮೂರನೆಯದನ್ನು ಬಿಟ್ಟರೆ ಟೇಲಸ್ ಮೂಳೆಯ (ಹಿಮ್ಮಡಿ ಮೂಳೆಯ ಮೇಲೆ ಕೂತಿರುವ ಕಣಕಾಲು ಕೀಲಿನ ಮೂಳೆ) ಮೇಲಂಚಿನಿಂದ ಎದ್ದ ಚಕ್ಕೆ ತಪ್ಪಿಹೋಗಬಹುದು. ಪದೇಪದೇ ಕಾಲು ಉಳುಕಿಸಿಕೊಳ್ಳುವ, ಪಾದ ಬಿಗಿಯಾಗಿರುವ ಮಕ್ಕಳಿಗೆ 45 ಡಿಗ್ರಿ ಓರೆ ಚಿತ್ರವನ್ನೂ ಸೇರಿಸಬೇಕು. ಹುಟ್ಟಿನಿಂದ ಬೆಸೆದುಕೊಂಡ ಪಾದದ ಮೂಳೆಗಳು ಅದರಲ್ಲಿ ಕಾಣಬಹುದು. ಹಿಮ್ಮಡಿ ಮೂಳೆ ಟೇಲಸ್‌ಗೇ ಬೆಸೆದಿದ್ದರೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಮರೆಯಲೇಬಾರದ ಕಾರಣ ಜಾಲಿಮುಳ್ಳು. ಹೊಲದಲ್ಲಿ ಚುಚ್ಚಿದ್ದನ್ನು ಕಿತ್ತು ಹಾಕಿರುತ್ತಾರೆ, ತುದಿ ಒಳಗೇ ಮುರಿದಿರುತ್ತದೆ. ಗಾಯ ಮಾಯುತ್ತದೆ, ತಿಂಗಳುಗಳ ಮೇಲೆ ಕೀಲು ಊದುತ್ತದೆ. ಅಷ್ಟರಲ್ಲಿ ಮುಳ್ಳಿನ ನೆನಪೇ ಇರುವುದಿಲ್ಲ. ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಎಂಆರ್‌ಐಯಲ್ಲಿ ಊತ ಎದ್ದು ಕಂಡರೂ ಸಣ್ಣ ಮುಳ್ಳು ಅದರಲ್ಲೇ ಮುಚ್ಚಿಹೋಗಬಹುದು. ಚರ್ಮದ ಹತ್ತಿರವಿದ್ದರೆ ಹೆಚ್ಚು ಆವರ್ತನದ ಪ್ರೋಬ್ (ಚರ್ಮದ ಮೇಲೆ ಆಡಿಸುವ ಉಪಕರಣ) ಬಳಸಿದ ಅಲ್ಟ್ರಾಸೌಂಡೇ ಒಳ್ಳೆಯದು: ಬಿಳಿ ಗೆರೆ, ಅದರ ಸುತ್ತ ಕಪ್ಪು ಅಂಚು, ಹಿಂದೆ ನೆರಳು. ಹೀಗೆ ಒಂದೇ ಕೀಲು ಬಹಳ ದಿನ ಊದಿರುವುದು ಮೂಳೆ ಕ್ಷಯದ ಹಾಗೂ ಕಾಣುತ್ತದೆ. ಆದ್ದರಿಂದ ಚಿತ್ರವೊಂದನ್ನೇ ನಂಬಿ ಕ್ಷಯದ ಮಾತ್ರೆ ಶುರುಮಾಡಬಾರದು. ಕೀಲಿನ ನೀರು ಅಥವಾ ಒಳಪದರದ ತುಣುಕು ತೆಗೆದು ಪರೀಕ್ಷಿಸಬೇಕು.

ರಾತ್ರಿ ನೋವು ಜಾಸ್ತಿ, ಐಬುಪ್ರೊಫೆನ್ ತೆಗೆದುಕೊಂಡರೆ ಚೆನ್ನಾಗಿ ಇಳಿಯುತ್ತದೆ ಎಂದು ಹದಿಹರೆಯದವರು ಹೇಳಿದರೆ ಆಸ್ಟಿಯಾಯ್ಡ್ ಆಸ್ಟಿಯೋಮಾ ಇರಬಹುದೇ ನೋಡಬೇಕು. ಇದು ಕ್ಯಾನ್ಸರ್ ಅಲ್ಲದ ಚಿಕ್ಕ ಗೆಡ್ಡೆ, ನಡುವಿನ ತಿರುಳು ಸಾಮಾನ್ಯವಾಗಿ 2 ಸೆಂಟಿಮೀಟರಿಗೂ ಕಡಿಮೆ. ಎಂಆರ್‌ಐಯಲ್ಲಿ ಮೂಳೆಯ ಊತವೇ ಮುಂದಾಗಿ ಕಂಡು, ಸೋಂಕೋ ಸಣ್ಣ ಬಿರುಕೋ ಎಂದು ದಾರಿ ತಪ್ಪುವುದುಂಟು. ಸುಮಾರು 1 ಮಿಲಿಮೀಟರ್ ಪದರಗಳ ಸಿಟಿಯಲ್ಲಿ ತಿರುಳು ಸ್ಪಷ್ಟವಾಗುತ್ತದೆ.

ಕಣಕಾಲಿನ ಹೊರಗಿನ ಗಂಟಿನ ಹಿಂದೆ ನರ ಜಾರಿದಂತೆ ‘ಟಕ್’ ಎಂದರೆ ಅದು ನರವಲ್ಲ, ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿಹಿಡಿಯುವ ಹುರಿ. ಮಲಗಿಸಿ ತೆಗೆದ ಸ್ಕ್ಯಾನ್‌ನಲ್ಲಿ ಅದು ಜಾಗದಲ್ಲೇ ಇರಬಹುದು. ಪಾದವನ್ನು ಮೇಲಕ್ಕೂ ಹೊರಕ್ಕೂ ತಿರುಗಿಸುತ್ತಾ ಅಲ್ಟ್ರಾಸೌಂಡ್ ಮಾಡಬೇಕು.

ಎಂಆರ್‌ಐಗೆ ಹೋಗುವುದಾದರೆ ಕಾಲುಂಗುರ, ಗೆಜ್ಜೆ ಮನೆಯಲ್ಲೇ ತೆಗೆದಿಡಿ. ಬೆಳ್ಳಿಯಾದರೂ ಚಿತ್ರ ಕೆಡುತ್ತದೆ, ಬಿಸಿಯಾಗುವ ಅಪಾಯವೂ ಇದೆ. ಬಿಗಿಯಾಗಿದ್ದರೆ ಸೋಪಿನ ನೀರು ಹಚ್ಚಿ. ನೋವಿರುವ ಜಾಗದ ಮೇಲೆ ವಿಟಮಿನ್ ಇ ಕ್ಯಾಪ್ಸೂಲ್ ಅಂಟಿಸುವಂತೆ ತಂತ್ರಜ್ಞರನ್ನು ಕೇಳಿ. ಚಿತ್ರದಲ್ಲಿ ಅದು ಗುರುತಾಗಿ ಕಾಣುತ್ತದೆ. ರಜ್ಜು ಯಂತ್ರದ ಕಾಂತಕ್ಷೇತ್ರದ ದಿಕ್ಕಿಗೆ ಸುಮಾರು 55 ಡಿಗ್ರಿ ಓರೆಯಾದಲ್ಲಿ ಹರಿಯದಿದ್ದರೂ ಹರಿದಂತೆ ಬೆಳ್ಳಗೆ ಕಾಣುತ್ತದೆ, ಪಾದವನ್ನು ಸ್ವಲ್ಪ ಕೆಳಕ್ಕೆ ಚಾಚಿಟ್ಟರೆ ಈ ಮೋಸ ಕಡಿಮೆ.

ಚೀಟಿಯಲ್ಲಿ ‘ಕಣಕಾಲು ನೋವು’ ಎಂದಷ್ಟೇ ಇದ್ದರೆ ಸಾಲದು. ಎಲ್ಲಿ ನೋವು, ಎಷ್ಟು ದಿನದಿಂದ, ರಾತ್ರಿಯೋ ನಡೆಯುವಾಗಲೋ, ಮುಳ್ಳು ಚುಚ್ಚಿತ್ತೇ ಎಂಬುದನ್ನು ಡಾಕ್ಟರಿಂದ ಬರೆಸಿ. ಹಳೆಯ ಫಿಲ್ಮ್‌ಗಳನ್ನೂ ಒಯ್ಯಿರಿ. ಜ್ವರದ ಜೊತೆ ಕೀಲು ಬಿಸಿಯಾಗಿ, ಕಾಲೂರಲಾಗದಿದ್ದರೆ ಸ್ಕ್ಯಾನ್‌ನ ಸರದಿಗೆ ಕಾಯದೆ ಅಂದೇ ಜಿಲ್ಲಾಸ್ಪತ್ರೆಗೆ ಹೋಗಿ.